ಮಾಪಣ್ಣ ಯಾರ ನಾಯಿ

ಕಳೆದ ವಾರ ಉಡುಪಿಯ ಕಲ್ಸಂಕದಲ್ಲಿ ಪೊಲೀಸರು ನನ್ನ ಸ್ಕೂಟರಿಗೆ ಕೈ ಅಡ್ಡ ಹಿಡಿದರು. ಹೆಲ್ಮೆಟ್ ತಲೆಯಲ್ಲಿತ್ತು, ಲೈಸೆನ್ಸ್ ಪರ್ಸಿನಲ್ಲಿತ್ತು, ಇನ್ಶೂರೆನ್ಸಿನ ಕಾಗದ ಮಾತ್ರ ಸೀಟಿನಡಿಯ ಡಿಕ್ಕಿಯಲ್ಲಿ ಎಲ್ಲೋ ಇತ್ತು. ನನ್ನ ಡಿಕ್ಕಿಯ ವಿಷಯ ನಿಮಗೆ ಗೊತ್ತಿಲ್ಲ. ಮಳೆಗಾಲದ ಕೋಟು ವರ್ಷವಿಡೀ ಅದರೊಳಗೇ ವಾಸ. ನಾನು ಒಂದೊಂದಾಗಿ ಹೊರಗೆ ತೆಗೆದು ಸೀಟಿನ ಮೇಲೆ ಇಡುತ್ತಾ ಹೋದೆ. ಕೋಟು, ಮಗಳ ಒಂಟಿ ಸಾಕ್ಸ್, ಯಾವುದೋ ಕಾಲದ ಔಷಧದ ಚೀಟಿ, ಪುಡಿಯಾದ ಬಿಸ್ಕಿಟಿನ ಪೊಟ್ಟಣ. ಆಮೇಲೆ ಕೈಗೆ ಬಂದದ್ದು ಪುಟ್ಟ ಗೆಜ್ಜೆ ಇದ್ದ ಒಂದು ಕೆಂಪು ಬೆಲ್ಟು. ನಾಯಿಯ ಕುತ್ತಿಗೆಗೆ ಕಟ್ಟುವಂಥದ್ದು.

"ನಾಯಿ ಉಂಟಾ ಮನೆಯಲ್ಲಿ?" ಎಂದು ಪೊಲೀಸರು ಕೇಳಿದರು. ಅವರಿಗೆ ನಾಯಿಗಳೆಂದರೆ ಪ್ರೀತಿ ಇರಬೇಕು, ಮುಖ ತುಸು ಸಡಿಲವಾಯಿತು.

"ಉಂಟು" ಎಂದೆ. ಕೂಡಲೇ "ಇಲ್ಲ" ಎಂದೆ. ಎರಡೂ ಸರಿಯಿಲ್ಲವೆನ್ನಿಸಿ "ಉಂಟು, ಆದ್ರೆ ಕಾಪುವಿನಲ್ಲಿ" ಎಂದೆ.

ಅವರು ನನ್ನನ್ನೊಮ್ಮೆ ಬೆಲ್ಟನ್ನೊಮ್ಮೆ ನೋಡಿದರು. ಪುಣ್ಯಕ್ಕೆ ಕಾಗದ ಬೆಲ್ಟಿನ ಕೆಳಗೇ ಇತ್ತು. ನೋಡಿ ಕಳುಹಿಸಿದರು. ಮಣಿಪಾಲದ ಏರು ಹತ್ತುವಷ್ಟು ಹೊತ್ತೂ ನನಗೆ ನಾಚಿಕೆ. ಅಲ್ಲಿನ ಒಂದು ಕಚೇರಿಯಲ್ಲಿ ಯಾವ ಕಡತ ಯಾರದ್ದು, ಯಾವ ಕಪಾಟಿನದ್ದು ಎಂದು ದಿನವಿಡೀ ಹೇಳಿ ಸಂಬಳ ತೆಗೆದುಕೊಳ್ಳುವವಳು ನಾನು. ಮನೆಯಲ್ಲಿ ನಾಯಿ ಉಂಟೋ ಇಲ್ಲವೋ ಎಂಬ ಪ್ರಶ್ನೆಗೆ ಮೂರು ಉತ್ತರ ಕೊಟ್ಟಿದ್ದೆ. ಯಾವುದು ನಿಜ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ನಿಮಗೆ ಎಲ್ಲ ಹೇಳುತ್ತೇನೆ, ನಿಮಗಾದರೂ ಗೊತ್ತಾಗುತ್ತದೋ ನೋಡಿ.

ನಮ್ಮದು ಉದ್ಯಾವರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಸಣ್ಣ ಮನೆ. ಗಂಡ ಸ್ಟೀವನ್‌ಗೆ ನಂದಿಕೂರಿನ ಕಡೆ ಶಿಫ್ಟ್ ಕೆಲಸ. ಒಬ್ಬಳೇ ಮಗಳು, ಜೆನಿಶಾ, ಮೂರನೇ ಕ್ಲಾಸು. ನಾಯಿ ಬೇಕೆಂದು ಅವಳು ಕೇಳಲು ಶುರುಮಾಡಿದ್ದು ಒಂದನೇ ಕ್ಲಾಸಿನಲ್ಲಿ. ಮೊದಲು ಕೇಳುತ್ತಿದ್ದಳು, ಆಮೇಲೆ ಅಳುತ್ತಿದ್ದಳು, ಕಡೆಗೆ ರಾತ್ರಿಯ ತೇರ್ಸದ ಪ್ರಾರ್ಥನೆಯಲ್ಲಿ ನಾಯಿಯನ್ನು ಸೇರಿಸತೊಡಗಿದಳು. ಸತ್ತ ಅಜ್ಜನ ಆತ್ಮಕ್ಕೆ ಶಾಂತಿ ಬೇಡಿದ ಮರುಕ್ಷಣವೇ ಕಂದು ಬಣ್ಣದ ನಾಯಿಮರಿಯನ್ನೂ ಬೇಡುವಾಗ ಸ್ಟೀವನ್ ಜಪಮಾಲೆ ಹಿಡಿದುಕೊಂಡೇ ನನ್ನ ಕಡೆ ನೋಡುತ್ತಿದ್ದರು.

ಈ ಕಾಲದ ಅಮ್ಮಂದಿರು ಮಾಡುವ ಹಾಗೆ ನಾನು ಫೋನಿನಲ್ಲಿ ಓದಿದೆ. ಮಕ್ಕಳಿಗೆ ಪ್ರಾಣಿ ಸಾಕುವ ಜವಾಬ್ದಾರಿ ಕಲಿಸುವುದು ಹೇಗೆ ಎಂಬ ಬಗ್ಗೆ ಅಲ್ಲಿ ಬೇಕಾದಷ್ಟು ಇತ್ತು. ಬರೆದವರಿಗೆಲ್ಲ ಎಲ್ಲವೂ ಗೊತ್ತಿತ್ತು. ಮೊದಲು ಒಂದು ಗಿಡ ಕೊಡಿ, ಅದನ್ನು ನೋಡಿಕೊಂಡರೆ ಮೀನು ಕೊಡಿ, ಅದನ್ನೂ ನೋಡಿಕೊಂಡರೆ ನಾಯಿಯೋ ಬೆಕ್ಕೋ ಎಂದು ಒಬ್ಬರು ಬರೆದಿದ್ದರು. ಮೆಟ್ಟಿಲು ಹತ್ತಿದ ಹಾಗೆ ಇದೆಯಲ್ಲ ಎಂದುಕೊಂಡು ಜೆನಿಶಾಳಿಗೆ ಒಂದು ಬಸಳೆಯ ಕಡ್ಡಿ ಕೊಟ್ಟೆ.

ತಪ್ಪಿದ್ದು ಅಲ್ಲೇ. ಬಸಳೆ ನಮ್ಮ ಕಡೆ ಯಾರೂ ನೋಡದಿದ್ದರೂ ಚಪ್ಪರ ಹತ್ತುವಂಥದ್ದು. ಅವಳು ನಾಲ್ಕು ದಿನ ನೀರು ಹಾಕಿ ಐದನೇ ದಿನ ಮರೆತಳು. ಆರನೇ ದಿನದಿಂದ ಮಳೆ ಹಾಕಿತು. ಬಸಳೆ ಸೊಕ್ಕಿ ಬೆಳೆಯಿತು. ನಾನು ಕೊಯ್ದು ಸಿಗಡಿ ಹಾಕಿ ಪದಾರ್ಥ ಮಾಡಿದೆ. ಊಟಕ್ಕೆ ಕೂತ ಜೆನಿಶಾ ಕೇಳಿದಳು, "ಮಮ್ಮಿ, ಸಾಕಿದ್ದನ್ನು ತಿನ್ನಬಹುದಾ?"

"ಬಸಳೆಯನ್ನು ತಿನ್ನಬಹುದು."

"ನಾಯಿಯನ್ನು?"

"ಛೆ, ಇಲ್ಲ."

"ಮೀನನ್ನು?"

ಮುಂದಿನ ಮೆಟ್ಟಿಲು ಮೀನೇ ಆಗಿತ್ತಲ್ಲ, ಉಡುಪಿಯಿಂದ ಎರಡು ಗಪ್ಪಿ ತಂದು ಗಾಜಿನ ಭರಣಿಯಲ್ಲಿ ಬಿಟ್ಟಿದ್ದೆ. ಅವಳು ಒಂದಕ್ಕೆ ಲಿಲ್ಲಿ ಎಂದೂ ಇನ್ನೊಂದಕ್ಕೆ ಮಿಲ್ಲಿ ಎಂದೂ ಹೆಸರಿಟ್ಟಿದ್ದಳು. ನಾನು ಬುದ್ಧಿವಂತಿಕೆಯ ಉತ್ತರ ಕೊಡಲು ಹೋದೆ. "ಹೆಸರಿಟ್ಟ ಮೀನನ್ನು ತಿನ್ನಬಾರದು. ಬಂಗುಡೆಗೆ ನಾವು ಹೆಸರಿಡುವುದಿಲ್ಲ ಅಲ್ವಾ, ಅದಕ್ಕೆ ತಿನ್ನಬಹುದು."

ಮರುದಿನ ತಟ್ಟೆಗೆ ಹುರಿದ ಬಂಗುಡೆ ಹಾಕಿದೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, "ಇವಳು ರೋಸಿ" ಎಂದು ತಟ್ಟೆ ಸರಿಸಿದಳು. ಎರಡು ವಾರ ನಮ್ಮ ಮನೆಯಲ್ಲಿ ರೋಸಿ, ಜೂಲಿ, ಫೆಲ್ಸಿ, ಮೊಂತಿ ಎಲ್ಲರೂ ತಟ್ಟೆಯಲ್ಲೇ ಉಳಿದರು. ಮೀನು ಮುಟ್ಟದ ಮಗುವನ್ನು ನೋಡಿ ಸ್ಟೀವನ್‌ಗೆ ಗಾಬರಿ. "ಮಗುವಿಗೆ ನೀನು ಎಂತ ಕಲಿಸ್ತಾ ಇದ್ದೀ ಲವೀನಾ?" ಎಂದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನಾನು ಬೆಳೆದದ್ದು ಅಜೆಕಾರಿನಲ್ಲಿ. ಅಲ್ಲಿ ಪ್ರಾಣಿಗಳಿದ್ದವು, ಆದರೆ ಅವುಗಳನ್ನು 'ಸಾಕುವುದು' ಎಂಬ ಕಾರ್ಯಕ್ರಮ ಇರಲಿಲ್ಲ. ನಾಯಿ ಅಂಗಳದಲ್ಲಿ ಇರುತ್ತಿತ್ತು. ಒಂದು ಸತ್ತರೆ ಇನ್ನೊಂದು ಬರುತ್ತಿತ್ತು, ಹೆಸರು ಮಾತ್ರ ಅದೇ ಟೈಗರ್. ನನ್ನ ಮಾಂಯ್, ಎಂದರೆ ಅಮ್ಮ, ಟೈಗರನ ತಲೆ ಸವರಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೆ ಅದರ ಗಂಜಿ ತಣಿಯಿತೇ ಎಂದು ಬೆರಳು ಅದ್ದಿ ನೋಡದೆ ಹೊರಗೆ ಇಟ್ಟದ್ದನ್ನೂ ನೋಡಿಲ್ಲ.

ನನ್ನ ಪಾಲಿಗೆ ಬಂದದ್ದು ಕೋಳಿ ಗೂಡಿನ ಬಾಗಿಲು. ಸಂಜೆ ಕೋಳಿಗಳು ಒಳಗೆ ಹೋದ ಮೇಲೆ ಬಾಗಿಲು ಎಳೆದು ಕೊಕ್ಕೆ ಹಾಕುವುದು, ಅಷ್ಟೇ. ಆಗ ನನಗೆ ಎಂಟು ವರ್ಷ, ಈಗಿನ ಜೆನಿಶಾಳ ಪ್ರಾಯ. ಒಂದು ದಿನ ಬೆಳಿಗ್ಗೆ ನೋಡಿದರೆ ಗೂಡಿನ ಬಾಗಿಲು ಹಾರುಹೊಡೆದಿತ್ತು. ಬಿಳಿ ಹೇಂಟೆ ಇರಲಿಲ್ಲ. ಅಂಗಳದ ಕೊನೆಯವರೆಗೂ ಗರಿ. ಅದರ ಮರಿಗಳು ಗೂಡಿನ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಚಿಂವ್‌ಗುಟ್ಟುತ್ತಿದ್ದವು. ಹಿಂದಿನ ಸಂಜೆ ಕೊಕ್ಕೆ ಹಾಕಿದ್ದೆನೋ ಇಲ್ಲವೋ ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಹಾಕಿರಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಮಾಂಯ್ ಬೈಯಲಿಲ್ಲ. ಒಂದು ಬುಟ್ಟಿ ಕೊಟ್ಟು ಗರಿ ಹೆಕ್ಕಿಸಿದರು. ಸಂಜೆಯಾದಾಗ, "ಹೋಗು, ಗೂಡು ಹಾಕಿ ಬಾ" ಎಂದು ಮತ್ತೆ ನನ್ನನ್ನೇ ಕಳುಹಿಸಿದರು. ಆವತ್ತಿನಿಂದ ಮದುವೆಯಾಗಿ ಬರುವವರೆಗೆ ನಾನು ಆ ಕೊಕ್ಕೆಯನ್ನು ಎರಡೆರಡು ಸಲ ಮುಟ್ಟಿ ನೋಡದೆ ಒಳಗೆ ಹೋದವಳಲ್ಲ. ಈಗಲೂ ಮನೆಯ ಗ್ಯಾಸು, ಗೇಟು, ಕಚೇರಿಯ ಕಪಾಟು ಎಲ್ಲವನ್ನೂ ಎರಡೆರಡು ಸಲ ಮುಟ್ಟುತ್ತೇನೆ. ಜವಾಬ್ದಾರಿ ಎಂದರೆ ಹೀಗೆ ಬರುವುದು, ಒಂದು ಹೇಂಟೆಯನ್ನು ಕಳೆದುಕೊಂಡು, ಎಂದು ನಾನು ನಂಬಿದ್ದೆ.

ನಾಯಿ ನಮ್ಮ ಮನೆಗೆ ಬಂದದ್ದು ಮೀನಿನ ಬುಟ್ಟಿಯಲ್ಲಿ. ತಂದವರು ಗುಲಾಬಿಯಕ್ಕ. ಕಾಪುವಿನವರು, ಆರು ವರ್ಷದಿಂದ ನಮ್ಮ ಓಣಿಗೆ ಮೀನು ತರುತ್ತಾರೆ. ಅವರ ಮನೆಯ ನಾಯಿ ದಡದ ಮೇಲೆ ಮಗುಚಿಟ್ಟ ಹಳೆಯ ದೋಣಿಯಡಿ ಐದು ಮರಿ ಹಾಕಿತ್ತು. ಜೆನಿಶಾಳ ಪ್ರಾರ್ಥನೆಯ ಸುದ್ದಿ ಅವರಿಗೂ ತಲುಪಿತ್ತು. ಆಗಸ್ಟಿನ ಒಂದು ಬೆಳಿಗ್ಗೆ ಮೀನು ಕೊಟ್ಟಾದ ಮೇಲೆ ಎರಡನೇ ಬುಟ್ಟಿಯ ಮೇಲಿನ ಗೋಣಿ ಸರಿಸಿದರು. ಒಳಗೆ ಕಂದು ಬಣ್ಣದ ಮುಷ್ಟಿಯಷ್ಟು ಜೀವ, ಮೀನಿನ ವಾಸನೆ ಹೊಡೆಯುತ್ತಾ ನಿದ್ದೆ ಮಾಡುತ್ತಿತ್ತು.

"ಬಾಯಮ್ಮ, ಬಾಲೆ ಅಷ್ಟು ಕೇಳ್ತದೆ, ಇಟ್ಟುಕೊಳ್ಳಿ" ಎಂದರು. ಕ್ರಿಸ್ತರ ಹೆಂಗಸರನ್ನು ಇಲ್ಲಿ ಬಾಯಮ್ಮ ಎನ್ನುವುದು, ಹುಡುಗಿಯರೆಲ್ಲ ಗುಲಾಬಿಯಕ್ಕನಿಗೆ ಬಾಲೆ. ಗಪ್ಪಿಯ ಮೆಟ್ಟಿಲಿನ್ನೂ ಪೂರ್ತಿಯಾಗಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಜೆನಿಶಾ ಅಷ್ಟರಲ್ಲಿ ಮರಿಯನ್ನು ಎತ್ತಿಯಾಗಿತ್ತು.

ಅವಳು ಇಟ್ಟ ಹೆಸರು ಮಫಿನ್. ಗುಲಾಬಿಯಕ್ಕ ಒಂದು ದಿನ ಪ್ರಯತ್ನಪಟ್ಟು ಎರಡನೇ ದಿನ ಅದನ್ನು ಮಾಪಣ್ಣ ಮಾಡಿದರು. ಆ ಹೆಸರೇ ನಿಂತಿತು. ಮಾಪಣ್ಣನಿಗೆ ಸ್ಟೀವನ್ ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಿದ್ದರು, ಪಕ್ಕದ ಮನೆಯ ವಾರಿಜಕ್ಕ ತುಳುವಿನಲ್ಲಿ ಗದರಿಸುತ್ತಿದ್ದರು, ಜೆನಿಶಾ ಕೊಂಕಣಿಯಲ್ಲಿ ಗುಟ್ಟು ಹೇಳುತ್ತಿದ್ದಳು. ನಾನು ಎಲ್ಲ ಭಾಷೆಯಲ್ಲೂ ಬೇಡಿಕೊಳ್ಳುತ್ತಿದ್ದೆ, ಚಪ್ಪಲಿ ಕೊಡು ಮಾರಾಯ ಎಂದು.

ಸ್ಟೀವನ್ ಒಂದು ಷರತ್ತು ಹಾಕಿದರು. ನಾಯಿಯ ಕೆಲಸ ಜೆನಿಶಾಳೇ ಮಾಡಬೇಕು, ಮಾಡದಿದ್ದರೆ ಅದು ವಾಪಸ್ ಕಾಪುವಿಗೆ. ನಾನು ಫೋನಿನಲ್ಲಿ ಹೇಳಿದಂತೆ ಒಂದು ಚಾರ್ಟು ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ನೀರು, ಊಟ, ಅಂಗಳ ಗುಡಿಸುವುದು, ಸಂಜೆಯ ತಿರುಗಾಟ, ಭಾನುವಾರದ ಸ್ನಾನ. ಮಾಡಿದ ಕೆಲಸಕ್ಕೆ ಒಂದೊಂದು ಬಂಗಾರದ ನಕ್ಷತ್ರ. ಮೂರು ವಾರ ಫ್ರಿಜ್ಜು ಮಿನುಗಿತು. ನಾಲ್ಕನೇ ವಾರ ಶಾಲೆಯಲ್ಲಿ ಪರೀಕ್ಷೆ ಬಂತು, ಆಮೇಲೆ ಶೀತ ಬಂತು, ಆಮೇಲೆ ಏನೂ ಬರದೆಯೂ ಮರೆತುಹೋಗತೊಡಗಿತು.

ಈಗ ನಾನು ಮಾಡಿದ್ದನ್ನು ಹೇಳಬೇಕು. ಬೆಳಿಗ್ಗೆ ಬೇಗ ಎದ್ದು ಮಾಪಣ್ಣನ ನೀರು ಬದಲಿಸುತ್ತಿದ್ದೆ, ಅನ್ನ ಹಾಕುತ್ತಿದ್ದೆ, ಅಂಗಳ ಗುಡಿಸುತ್ತಿದ್ದೆ. ಅಷ್ಟು ಮಾಡಿದ್ದರೆ ಎಲ್ಲ ಅಮ್ಮಂದಿರ ಹಾಗೆ ಆಗುತ್ತಿತ್ತು. ನಾನು ಅದರ ಮೇಲೆ ಚಾರ್ಟಿಗೆ ನಕ್ಷತ್ರವನ್ನೂ ಅಂಟಿಸುತ್ತಿದ್ದೆ, ಸ್ಟೀವನ್ ಶಿಫ್ಟ್ ಮುಗಿಸಿ ಬಂದು ಫ್ರಿಜ್ಜು ತೆರೆಯುವಾಗ ಖಾಲಿ ಕಾಣಬಾರದು ಎಂದು. ನಾಯಿ ವಾಪಸ್ ಹೋದರೆ ಮಗು ಅಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುವುದಾದರೆ ಬೆಳಗಿನ ಆ ಅರ್ಧ ಗಂಟೆ, ಯಾರೂ ಎದ್ದಿರದ ಅಂಗಳದಲ್ಲಿ ಬಾಲ ಆಡಿಸುವ ಒಂದು ಜೀವ, ನನಗೇ ಬೇಕಾಗಿತ್ತು.

ಜೆನಿಶಾ ಒಂದು ದಿನ ಹಾಲಿಗೆಂದು ಫ್ರಿಜ್ಜಿನ ಮುಂದೆ ನಿಂತವಳು ಚಾರ್ಟನ್ನೇ ನೋಡುತ್ತಾ ಉಳಿದಳು.

"ಮಮ್ಮಿ, ನಿನ್ನೆ ನಾನು ನೀರು ಇಡ್ಲಿಲ್ಲ."

"ಹೌದಾ?"

"ಮೊನ್ನೆಯೂ ಇಡ್ಲಿಲ್ಲ. ನಕ್ಷತ್ರ ಉಂಟು."

ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯ ಶಬ್ದದಲ್ಲಿ ಕೇಳಿಸದವಳ ಹಾಗೆ ಮಾಡಿದೆ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಅದಾದ ಕೆಲವು ದಿನಕ್ಕೆ ವಾರಿಜಕ್ಕ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. ಅವರು ಬೆಳಗಿನಿಂದ ಸಂಜೆಯವರೆಗೆ ಜಗುಲಿಯಲ್ಲಿ ಕೂತು ಬೀಡಿ ಕಟ್ಟುವವರು. ಓಣಿಯಲ್ಲಿ ಅವರಿಗೆ ಕಾಣದೆ ಒಂದು ಕಾಗೆಯೂ ಹಾರುವುದಿಲ್ಲ. "ಹೇಳ್ತೇನೆ ಅಂತ ಬೇಜಾರು ಮಾಡ್ಬೇಡಿ" ಎಂದರು. "ನೀವು ಎಲ್ಲ ಹೋದ ಮೇಲೆ ನಾಯಿ ಒಂದು ನಮೂನೆ ಶಬ್ದ ಮಾಡ್ತದೆ. ಬೊಗಳುವುದಲ್ಲ. ಮಗು ಅತ್ತ ಹಾಗೆ. ನನಗೆ ಬೀಡಿ ಕಟ್ಲಿಕ್ಕೆ ಆಗುವುದಿಲ್ಲ." ಜೆನಿಶಾ ನನ್ನ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಮರುವಾರ ಅವಳಿಗೆ ಜ್ವರ. ಶಾಲೆಗೆ ಹೋಗಲಿಲ್ಲ. ಸ್ಟೀವನ್ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದರು. ಹೊರಗೆ ಹೋಗಬಾರದು, ಗಾಳಿ ತಾಗಬಾರದು ಎಂದು ಹೇಳಿ ನಾನು ಮಣಿಪಾಲಕ್ಕೆ ಹೋದೆ. ಸಂಜೆ ಬಂದಾಗ ಅವಳು ಒಂದು ನೋಟುಬುಕ್ಕು ಕೊಟ್ಟಳು. ಕಿಟಕಿಯ ಹತ್ತಿರ ಕಂಬಳಿ ಹೊದ್ದು ಕೂತು ದಿನವಿಡೀ ಬರೆದದ್ದು. ಎಂಟು ಹತ್ತು, ಮಮ್ಮಿ ಹೋದಳು, ಮಾಪು ಗೇಟ್ ನೋಡಿದ. ಒಂಬತ್ತು, ಗೇಟ್ ನೋಡಿದ. ಒಂಬತ್ತೂವರೆ, ಅತ್ತ. ಹತ್ತು, ಗೇಟ್ ನೋಡಿದ. ಹನ್ನೊಂದು, ಚೈನ್ ಕಂಬಕ್ಕೆ ಸುತ್ತಿತು, ಅವನೇ ಬಿಡಿಸಿದ. ಹನ್ನೆರಡು, ಮಲಗಿದ, ಕಣ್ಣು ಮುಚ್ಚಲಿಲ್ಲ. ಹೀಗೆ ಎರಡು ಪುಟ. ಕೊನೆಯ ಸಾಲು ಐದೂ ಇಪ್ಪತ್ತು, ಮಮ್ಮಿ ಬಂದಳು, ಮಾಪು ಕುಣಿದ.

"ನಾಯಿಗಳಿಗೆ ಅಭ್ಯಾಸ ಆಗ್ತದೆ ಪುಟ್ಟಾ" ಎಂದೆ.

"ಅಭ್ಯಾಸ ಆದ್ರೆ ಬೇಜಾರು ಆಗುವುದಿಲ್ವಾ?"

ಇಂಥ ಪ್ರಶ್ನೆಗೆ ಫೋನಿನಲ್ಲಿ ಬರೆಯುವವರು ಏನು ಹೇಳುತ್ತಾರೋ. ನಾನು ಹಣೆ ಮುಟ್ಟಿ ನೋಡಿ, ಜ್ವರ ಬಿಟ್ಟಿದೆ ಎಂದೆ.

ನವೆಂಬರಿನ ಆ ಶನಿವಾರ ಶಾಲೆಗೆ ರಜೆ, ನನಗೆ ಅರ್ಧ ದಿನ ಕೆಲಸ. ಒಂದೂವರೆಗೆ ಮನೆ ಮುಟ್ಟಿದೆ. ಗೇಟು ಹಾಕಿತ್ತು. ಸ್ಟೀವನ್ ಒಳಗೆ ಗಾಢ ನಿದ್ದೆಯಲ್ಲಿದ್ದರು. ಕಂಬದಲ್ಲಿ ಚೈನು ಮಾತ್ರ ನೇತಾಡುತ್ತಿತ್ತು. ನಾಯಿ ಇರಲಿಲ್ಲ, ಜೆನಿಶಾ ಇರಲಿಲ್ಲ. ಹಿತ್ತಿಲು, ಬಚ್ಚಲು, ಬಾವಿಕಟ್ಟೆ ಎಲ್ಲ ನೋಡಿದೆ. ಬಾವಿಯೊಳಗೂ ಬಗ್ಗಿ ನೋಡಿದೆ.

ವಾರಿಜಕ್ಕ ಜಗುಲಿಯಿಂದಲೇ ಹೇಳಿದರು, "ಮಗು ಗುಲಾಬಿಯ ಒಟ್ಟಿಗೆ ರಿಕ್ಷಾದಲ್ಲಿ ಹೋಯಿತಲ್ಲ ಬಾಯಮ್ಮ. ನಾಯಿಯೂ ಇತ್ತು. ಮಮ್ಮಿ ಹೇಳಿದ್ದಾಳೆ ಅಂತ ಹೇಳಿತು."

ನಾನು ಏನೂ ಹೇಳಿರಲಿಲ್ಲ. ಗುಲಾಬಿಯಕ್ಕನಿಗೆ ಫೋನ್ ಮಾಡಿದರೆ ರಿಂಗಾಯಿತು, ಎತ್ತಲಿಲ್ಲ. ಸ್ಟೀವನ್‌ರನ್ನು ಎಬ್ಬಿಸಿ ವಿಷಯ ಹೇಳಿ, ಅವರು ಅಂಗಿ ಹುಡುಕುವಷ್ಟರಲ್ಲಿ ಸ್ಕೂಟರ್ ತಿರುಗಿಸಿದೆ. ಕಟಪಾಡಿ, ಪಾಂಗಾಳ ಎಲ್ಲ ಹೇಗೆ ದಾಟಿದೆನೋ. ಕಾಪು ಮುಟ್ಟಿದ ಮೇಲೆ ಗೊತ್ತಾಯಿತು, ಆರು ವರ್ಷದಿಂದ ಮೀನು ಕೊಡುವ ಈ ಹೆಂಗಸಿನ ಮನೆ ಎಲ್ಲಿ ಎಂದು ನಾನು ಒಮ್ಮೆಯೂ ಕೇಳಿದವಳಲ್ಲ. ಬಂಗುಡೆ ತಾಜಾ ಉಂಟಾ ಎಂದು ಮಾತ್ರ ಕೇಳಿದ್ದೆ.

ಕಡಲ ದಾರಿಯಲ್ಲಿ ಒಂದು ಅಂಗಡಿಯವರನ್ನು ವಿಚಾರಿಸಿದೆ.

"ಯಾವ ಗುಲಾಬಿ? ಇಲ್ಲಿ ಮೂರು ಜನ ಉಂಟು."

"ಉದ್ಯಾವರಕ್ಕೆ ಮೀನು ತರುವವರು."

"ಓ, ನಾಯಿಯ ಗುಲಾಬಿಯಾ? ಲೈಟ್‌ಹೌಸಿನ ತೆಂಕಿಗೆ ಹೋಗಿ, ನೀಲಿ ಬಣ್ಣದ ದೋಣಿ ಕಾಣ್ತದೆ."

ದೋಣಿಯ ನೆರಳಿನಲ್ಲಿ ಬಲೆ ಹರಡಿಕೊಂಡು ಇಬ್ಬರು ಗಂಡಸರು ಹರಿದಲ್ಲಿ ಹೆಣೆಯುತ್ತಿದ್ದರು. ಅವರ ಪಕ್ಕದಲ್ಲಿ ಖಾಲಿ ಬುಟ್ಟಿ ಮಗುಚಿ ಗುಲಾಬಿಯಕ್ಕ ಕೂತಿದ್ದರು. ಅವರೆದುರು ನನ್ನ ಮಗಳು ನಿಂತುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಂದು ಕಾಗದ ಹಿಡಿದು ಓದುತ್ತಿದ್ದಳು. ಬಲೆಯವರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

"ಮೂರು. ಗುಡುಗಿದರೆ ಅವನಿಗೆ ಹೆದರಿಕೆ. ಕಿವಿ ಮುಚ್ಚಬೇಕು. ನಿಮ್ಮದಲ್ಲ, ಅವನದ್ದು. ನಾಲ್ಕು. ಸಿಟ್ ಅಂದ್ರೆ ಕೂರುವುದಿಲ್ಲ. ಬಸ್ ಅಂದ್ರೆ ಕೂರ್ತಾನೆ."

"ಬಸ್ ಅಂದ್ರೆ ಇಲ್ಲಿ ಎಲ್ಲರೂ ಓಡುವುದು ಬಾಲೆ" ಎಂದರು ಗುಲಾಬಿಯಕ್ಕ.

"ಕೊಂಕಣಿಯಲ್ಲಿ ಅದು ಕೂತುಕೋ ಅಂತ. ಐದು. ಡಿಸೆಂಬರಿನಲ್ಲಿ ಇಂಜೆಕ್ಷನ್ ಉಂಟು, ಮರೆಯಬಾರದು."

ಮಾಪಣ್ಣ ಅಲ್ಲಿಂದ ಇಪ್ಪತ್ತು ಮಾರು ದೂರದಲ್ಲಿ, ತನ್ನಷ್ಟೇ ಕಂದಾದ ದೊಡ್ಡ ನಾಯಿಯೊಂದರ ಕಿವಿ ಕಚ್ಚಿಕೊಂಡು ಮರಳಲ್ಲಿ ಉರುಳುತ್ತಿದ್ದ. ಅದು ಅವನ ತಾಯಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನಾನು ಹೋದವಳೇ ಜೆನಿಶಾಳ ರಟ್ಟೆ ಹಿಡಿದೆ. ಹೊಡೆಯಲೆಂದೇ ಹಿಡಿದದ್ದು. ಹಿಡಿದ ಮೇಲೆ ಎದೆಗೆ ಒತ್ತಿಕೊಂಡೆ. ಅದಾದ ಮೇಲೆ ಮತ್ತೆ ಸಿಟ್ಟು ಬಂತು.

"ಹೇಳದೆ ಯಾಕೆ ಬಂದೆ? ನಾನು ಸತ್ತೇ ಹೋಗಿದ್ದೆ."

ಅವಳು ನನ್ನ ಮುಖ ನೋಡಲಿಲ್ಲ. "ಹೇಳಿದ್ರೆ ನೀನು ನಕ್ಷತ್ರ ಅಂಟಿಸ್ತಿದ್ದೆ" ಎಂದಳು.

ಗುಲಾಬಿಯಕ್ಕನಿಗೆ ನಕ್ಷತ್ರದ ಕತೆ ಗೊತ್ತಿರಲಿಲ್ಲ. ಅವರು ಬಡಪಾಯಿ ಎದ್ದು ನಿಂತು, "ನೀವು ಹೇಳಿದ್ದು ಅಂತ ನಾನು ಗ್ರಹಿಸಿದ್ದು ಬಾಯಮ್ಮ. ಇಲ್ಲದಿದ್ರೆ ನಾನು ಕರ್ಕೊಂಡು ಬರ್ತೇನಾ? ಫೋನು ಮನೆಯಲ್ಲಿ ಚಾರ್ಜಿಗೆ ಇಟ್ಟದ್ದು" ಎಂದರು. ನಾನು ಬೈದೇ ಬಿಡುತ್ತೇನೆ ಎಂದುಕೊಂಡಿದ್ದರೋ ಏನೋ. ನನಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

"ಮನೆಯಲ್ಲಿ ಯಾರೂ ಇರುವುದಿಲ್ಲ" ಎಂದಳು ಜೆನಿಶಾ, ಮರಳು ಕೆದಕುತ್ತಾ. "ಪಪ್ಪ ಮಲಗ್ತಾನೆ. ನೀನು ಮಣಿಪಾಲ. ನಾನು ಶಾಲೆ. ಇಲ್ಲಿ ಇಡೀ ದಿನ ಜನ ಉಂಟು. ಅವನ ಅಮ್ಮ ಉಂಟು. ನಾನು ಎಲ್ಲ ನೋಡಿಯೇ ಬಂದದ್ದು."

ಏಳೆಂಟು ವಾರ ನಾಯಿಗೆ ನೀರಿಡಲು ಮರೆತ ಮಗು. ನನ್ನ ಹೆಸರಿನಲ್ಲಿ ಸುಳ್ಳು ಹೇಳಿ ಹೆದ್ದಾರಿಯಲ್ಲಿ ರಿಕ್ಷಾ ಹತ್ತಿ ಬಂದ ಮಗು. ಅದೇ ಮಗು ಒಂದು ನಾಯಿ ಇಡೀ ದಿನ ಏನು ಮಾಡುತ್ತದೆ ಎಂದು ನೋಡಿ, ತನಗೆ ಅತ್ಯಂತ ಬೇಕಾದದ್ದನ್ನು ತಾನೇ ಒಯ್ದು ಕೊಟ್ಟು, ಅದರ ಗುಡುಗಿನ ಹೆದರಿಕೆಯನ್ನು ಮೂರನೇ ನಂಬರಿನಲ್ಲಿ ಬರೆದಿತ್ತು. ಅಲ್ಲಿ ನಿಂತು ನಾನು ಯಾವ ಮುಖ ಹಾಕಬೇಕಿತ್ತು, ಹೇಳಿ.

ಅಷ್ಟರಲ್ಲಿ ಬೈಕಿನಲ್ಲಿ ಬಂದ ಸ್ಟೀವನ್ ಎಲ್ಲ ಕೇಳಿ, ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ವಾಪಸ್ ಕಳಿಸುತ್ತೇನೆಂದು ಮೊದಲ ದಿನದಿಂದ ಹೇಳುತ್ತಾ ಬಂದವರು ಅವರೇ. ಈಗ, "ಒಂದು ವಾರ ನೋಡುವ, ಕರ್ಕೊಂಡು ಹೋಗುವನಾ?" ಎಂದರು. ಜೆನಿಶಾ ಬೇಡವೆಂದು ತಲೆ ಅಲ್ಲಾಡಿಸಿದಳು. ಗುಲಾಬಿಯಕ್ಕ ಮಾಪಣ್ಣನ ಕುತ್ತಿಗೆಯ ಬೆಲ್ಟು ಬಿಚ್ಚಿ ನನ್ನ ಕೈಗಿಟ್ಟರು. "ಇದು ಇಲ್ಲಿ ಬೇಡ, ಬಲೆಗೆ ಸಿಕ್ಕಿ ಬೀಳ್ತದೆ" ಎಂದರು. ಅದನ್ನೇ ನಾನು ಡಿಕ್ಕಿಗೆ ಹಾಕಿ ಮರೆತದ್ದು.

ಮನೆಗೆ ಬಂದವಳು ಮಾಂಯ್‌ಗೆ ಫೋನ್ ಮಾಡಿದೆ. ಮೊದಲಿಂದ ಕೊನೆಯವರೆಗೆ ಹೇಳಿ, "ಈಗ ಅವಳನ್ನು ಹೊಗಳಬೇಕಾ, ಬೈಬೇಕಾ?" ಎಂದು ಕೇಳಿದೆ.

"ಎರಡೂ ಮಾಡು" ಎಂದರು. "ಒಂದೇ ದಿನ ಬೇಡ."

"ನೀವು ನನಗೆ ಒಂದು ಮಾತೂ ಬೈಯದೆ ಕಲಿಸಿದಿರಲ್ಲ. ಆ ಬಿಳಿ ಹೇಂಟೆ ಹೋದ ಮೇಲೆ ನಾನು ಒಂದು ದಿನವೂ ಕೊಕ್ಕೆ ಮರೆತವಳಲ್ಲ."

ಆ ಕಡೆ ಮಾಂಯ್ ತಟ್ಟೆ ಜೋಡಿಸುವ ಶಬ್ದ ಕೇಳುತ್ತಿತ್ತು.

"ಕೊಕ್ಕೆ ನೀನು ಹಾಕಿದ್ದಿ" ಎಂದರು. "ಆಮೇಲೆ ಒಂದು ಮೊಟ್ಟೆ ತೆಗೀಲಿಕ್ಕೆ ಅಂತ ನಾನು ತೆರೆದದ್ದು. ಪುನಃ ಹಾಕ್ಲಿಕ್ಕೆ ಮರೆತೆ."

ನಾನು ನಿಂತಲ್ಲೇ ಕುರ್ಚಿ ಎಳೆದುಕೊಂಡೆ. "ಮಾಂಯ್, ಮೂವತ್ತು ವರ್ಷ ಆಯಿತು."

"ಹೇಳುವ ಅಂತಲೇ ಇದ್ದೆ. ಮರುದಿನದಿಂದ ನೀನು ಅಷ್ಟು ಚಂದ ಮಾಡಿ ಬಾಗಿಲು ಹಾಕ್ಲಿಕ್ಕೆ ಶುರುಮಾಡಿದಿ. ಮತ್ತೆ ಹೇಗೆ ಹೇಳುವುದು?"

ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಾನು ಆ ಗರಿಗಳನ್ನು ನೆನೆಯುತ್ತಾ ಕೂತೆ. ನನ್ನ ಜವಾಬ್ದಾರಿಯೆಲ್ಲ ನಿಂತದ್ದು ನಾನು ಮಾಡದ ತಪ್ಪೊಂದರ ಮೇಲೆ ಎಂದು ತಿಳಿದ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದ್ದು ಹೋಗಿ ಗ್ಯಾಸಿನ ಗುಂಡಿ ಮುಟ್ಟಿ ನೋಡಿದೆ. ಎರಡನೇ ಸಲ ಮುಟ್ಟುವುದೋ ಬೇಡವೋ ಎಂದು ಕೈ ಗಾಳಿಯಲ್ಲೇ ನಿಂತಿತು. ಕಡೆಗೆ ಮುಟ್ಟಿದೆ.

ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಜೆನಿಶಾಳನ್ನು ಬೈದೆ, ಹೇಳದೆ ಹೋದದ್ದಕ್ಕೆ. ನಕ್ಷತ್ರದ ವಿಷಯದಲ್ಲಿ ನಾನೇ ಅವಳ ಹತ್ತಿರ ತಪ್ಪು ಒಪ್ಪಿಕೊಂಡೆ. ಹೊಗಳುವುದನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೆ. ಸೋಮವಾರ ಅವಳು ತಟ್ಟೆಯ ಬಂಗುಡೆಯನ್ನು ಹೆಸರಿಡದೆ ತಿಂದು, ಮಾಪಣ್ಣನ ಖಾಲಿ ಪಾತ್ರೆಯನ್ನು ತೊಳೆದು ಕವುಚಿ ಹಾಕಿ, ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಹೊಗಳುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಈವರೆಗೂ ಹೊರಟಿಲ್ಲ.

ಡಿಸೆಂಬರಿನಲ್ಲಿ ಇಂಜೆಕ್ಷನಿನ ದಿನವನ್ನು ನೆನಪಿಸಿದ್ದು ಅವಳೇ. ನಾನು ರಜೆ ಹಾಕಿ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಾಪುವಿನ ಪಶು ಆಸ್ಪತ್ರೆಗೆ ಹೋದೆ. ಗುಲಾಬಿಯಕ್ಕ ಬಲೆಯ ಹಗ್ಗವೊಂದನ್ನು ಕುತ್ತಿಗೆಗೆ ಸಡಿಲವಾಗಿ ಕಟ್ಟಿ ಮಾಪಣ್ಣನನ್ನು ಕರೆತಂದರು. ಒಂದು ತಿಂಗಳಲ್ಲಿ ಅವನು ಎರಡು ಪಾಲು ಬೆಳೆದಿದ್ದ, ಬೆನ್ನಿನ ಮೇಲೆ ಉಪ್ಪು ಒಣಗಿ ಬೆಳ್ಳಗಾಗಿತ್ತು. ಜೆನಿಶಾಳನ್ನು ಕಂಡದ್ದೇ ಅವಳ ಮೇಲೆ ಬಿದ್ದು ಮುಖವೆಲ್ಲ ನೆಕ್ಕಿದ. ಡಾಕ್ಟರು ಸೂಜಿ ಹಿಡಿದು, "ತಲೆ ಹಿಡಿಯುವವರು ಯಾರು?" ಎಂದರು. ತನಗೆ ಇಂಜೆಕ್ಷನ್ ಕೊಡುವಾಗ ಇಡೀ ಆಸ್ಪತ್ರೆ ಕೇಳುವಂತೆ ಕಿರುಚುವವಳು ಮುಂದೆ ಹೋಗಿ ಮಂಡಿಯೂರಿ, ಅವನ ಕುತ್ತಿಗೆಯನ್ನು ಎರಡು ಕೈಯಿಂದ ತಬ್ಬಿ, ಕಿವಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳುತ್ತಾ ಕೂತಳು. ನಾನು ಮುಖ ತಿರುಗಿಸಿದೆ.

ಹೊರಗೆ ಬಂದು ಗುಲಾಬಿಯಕ್ಕ ಕಡಲಿನ ದಾರಿ ಹಿಡಿದರು. ನಾಲ್ಕು ಹೆಜ್ಜೆ ಹೋದ ಮಾಪಣ್ಣ ಹಗ್ಗ ಎಳೆದು ನಿಂತುಬಿಟ್ಟ. ಒಮ್ಮೆ ಗುಲಾಬಿಯಕ್ಕನನ್ನು ನೋಡಿದ, ಒಮ್ಮೆ ನಮ್ಮನ್ನು. ಬಾಲ ಅರ್ಧ ಆಡುತ್ತಿತ್ತು. ಅವನು ನಮ್ಮ ಕಡೆಗೇ ಬರಲಿ ಎಂದು ನನಗೆ ಆಸೆಯಾಯಿತು. ಯಾವ ಜವಾಬ್ದಾರಿಯೂ ಇಲ್ಲದ, ಎಂಟು ವರ್ಷದ ಮಗುವಿನಂಥ ಆಸೆ. ಕರೆಯಲೆಂದು ನಾಲಿಗೆಯೂ ಎದ್ದಿತ್ತು.

ಜೆನಿಶಾ ಅವನಿಗೆ ಬೆನ್ನು ಹಾಕಿ ನನ್ನ ಹಿಂದೆ ಸ್ಕೂಟರ್ ಹತ್ತಿದಳು. "ಮಮ್ಮಿ, ತಿರುಗಿ ನೋಡಬೇಡ" ಎಂದಳು. "ನೋಡಿದ್ರೆ ಅವನು ಬರ್ತಾನೆ."

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಕತ್ತು ತಿರುಗಿಸಲಿಲ್ಲ, ಕಣ್ಣು ಮಾತ್ರ ಬಲಕ್ಕೆ ಹೋಯಿತು.

"ಕನ್ನಡಿಯಲ್ಲಿಯೂ ನೋಡಬೇಡ" ಎಂದಳು.

ನೋಡಲಿಲ್ಲ. ಹೆದ್ದಾರಿಗೆ ಹತ್ತಿದ ಮೇಲೆ ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯತೊಡಗಿತು. ಅದು ಎಷ್ಟು ಹತ್ತಿರವಿದೆ, ಯಾವ ಕಡೆಯಿಂದ ದಾಟುತ್ತದೆ, ನಾನು ಎತ್ತ ಸರಿಯಬೇಕು, ಒಂದೂ ತಿಳಿಯದೆ, ಕಣ್ಣನ್ನು ನೇರ ಮುಂದಕ್ಕೆ ಇಟ್ಟುಕೊಂಡು ಕಟಪಾಡಿಯವರೆಗೂ ಹಾಗೆಯೇ ಸ್ಕೂಟರ್ ಓಡಿಸಿದೆ. ಇನ್ನು ನೋಡಬಹುದು ಎಂದು ಅವಳೂ ಹೇಳಲಿಲ್ಲ.